ಕೌದಿಯ ಹಿಂಬದಿ

“ಬರಿಗೈಯಲ್ಲಿ ಹೇಗೆ ಹೋಗಲಿ, ಗುರುಗಳೇ?” ಎಂದು ಮುರಿಗೆಯ್ಯ ಕೇಳಿದ.

ಮುರಿಗೆಯ್ಯ ಮಠದಲ್ಲಿದ್ದು ಒಂದು ಅನುಷ್ಠಾನ ಹಿಡಿದಿದ್ದ. ಜಪದ ನಡುವೆ ಮನಸ್ಸು ಎಲ್ಲಿಯಾದರೂ ಜಾರಿದರೆ ಅಷ್ಟನ್ನೂ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಮನಸ್ಸಿನ ಗುಣವೇ ಜಾರುವುದು. ಹಾಗಾಗಿ ಅನುಷ್ಠಾನ ಮುಗಿಯುವ ಲಕ್ಷಣವೇ ಇರಲಿಲ್ಲ. ಅಷ್ಟರಲ್ಲಿ ಊರಿನಿಂದ ಸುದ್ದಿ ಬಂದಿತು. ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗನನ್ನು ಕಣ್ಣಾರೆ ನೋಡಬೇಕೆನ್ನುತ್ತಿದ್ದಾಳೆ. ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆದರೂ ಹೊರಟಿರಲಿಲ್ಲ.

“ಮನೆ ಬಿಟ್ಟು ಬರುವಾಗ ಸೋದರಮಾವ ನಾಲ್ಕು ಜನರ ಎದುರಿಗೆ, ‘ದುಡಿಯಲಾರದವನು ಮಠದ ಊಟ ಹುಡುಕಿಕೊಂಡು ಹೊರಟ’ ಎಂದಿದ್ದರು. ಈಗ ಹಾಗೇ ಹೋಗಿ ನಿಂತರೆ ಏನೆಂದಾರು? ಅನುಷ್ಠಾನ ಮುಗಿಸಿ ಅದರ ಫಲವನ್ನು ಅವ್ವನ ಪಾದಕ್ಕೆ ಅರ್ಪಿಸಬೇಕೆಂದಿದ್ದೇನೆ. ಎಲ್ಲವೂ ಅವಳಿಗಾಗಿಯೇ. ಸ್ವಲ್ಪ ದಿನ ತಡೆದರೆ ತಪ್ಪೇ?”

ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು. “ಕೂತುಕೋ. ಕೂರಲು ಆಗದಿದ್ದರೆ ನಿಂತೇ ಕೇಳು” ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹೆಂಡತಿಯ ಕೈ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಹಪ್ಪಳ, ಸಂಡಿಗೆ, ಶಾವಿಗೆ ಎಲ್ಲವೂ ಅವಳ ಅಂಗಳದಲ್ಲೇ ಆಗಬೇಕು. ಕೌದಿಯಂತೂ ಊರಿನಲ್ಲಿ ಅವಳದೇ ಮೇಲು. ಅವರಿಗೆ ಒಬ್ಬಳೇ ಮಗಳು. ಮಗಳ ಮದುವೆಯಲ್ಲಿ ತಾಯಿ ತಾನೇ ಹೊಲಿದ ಕೌದಿಯನ್ನು ಉಡುಗೊರೆಯಾಗಿ ಕೊಟ್ಟಳು. ಬೀಗತಿ ಅದನ್ನು ಬಿಡಿಸಿದಳು, ಮಗುಚಿದಳು, ಹಿಂಬದಿಯನ್ನು ಬಂದವರಿಗೆಲ್ಲ ತೋರಿಸಿದಳು. “ಮುಂದ ಚಂದ ಐತಿ. ಹಿಂದ ನೋಡ್ರಿ, ಹೊಲಿಗಿ ಕುಡದವರಂಗ ನಡದಾವ” ಎಂದಳು. ಎಲ್ಲರೂ ನಕ್ಕರು. ಬೀಗರ ನಡುವೆ ಇಂಥ ಮಾತು ಇದ್ದದ್ದೇ, ಬೆಳಗಾದರೆ ಆಡಿದವರೇ ಮರೆತಿರುತ್ತಾರೆ. ತಾಯಿ ಮಾತ್ರ ಮರೆಯಲಿಲ್ಲ. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮರುವರ್ಷ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆ ಸೀಮೆಯಲ್ಲಿ ಕೂಸು ಅಪ್ಪನ ಮನೆಗೆ ಹೋಗುವಾಗ ತವರಿನ ಕೌದಿ ಹೊದ್ದು ಹೋಗಬೇಕು. ಕೌದಿಗೆ ಹೊಸ ಬಟ್ಟೆ ಸಲ್ಲದು. ಉಟ್ಟು, ಒಗೆದು ಮೆತ್ತಗಾದ ಸೀರೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ ಹೊಲಿಯುತ್ತಾರೆ. ಹುಟ್ಟಿದ ಕೂಸಿಗೂ ಹೊಸ ಬಟ್ಟೆ ಮುಟ್ಟಿಸುವುದಿಲ್ಲ, ಅದರ ಗಂಜಿ ಎಳೆಯ ಮೈಗೆ ಚುಚ್ಚುತ್ತದೆ. ತವರಿನ ಹಳೆಯ ಸೀರೆಯಲ್ಲೇ ಮೊದಲು ಸುತ್ತುತ್ತಾರೆ. ಅದಕ್ಕೆಂದೇ ಹೆಂಗಸರು ಹಳೆಯ ಸೀರೆಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿರುತ್ತಾರೆ.

ತಾಯಿ ಪೆಟ್ಟಿಗೆ ತೆರೆದು ಕೌದಿಗೆ ಕೂತಳು. ಒಂದು ಸಾಲು ಹೊಲಿಯುವಳು, ಮಗುಚಿ ನೋಡುವಳು, ಬಿಚ್ಚುವಳು. ಬಣ್ಣ ಹೊಂದಲಿಲ್ಲವೆಂದು ಇನ್ನೊಂದು ಸೀರೆಗೆ ಕತ್ತರಿ ಹಾಕುವಳು. ಹಂಚಿನ ಮೇಲೆ ರೊಟ್ಟಿ ಹಾಕಿ, ಅದು ಬೇಯುವಷ್ಟರಲ್ಲಿ ನಾಲ್ಕು ಹೊಲಿಗೆ ಹಾಕಿ ಬರೋಣವೆಂದು ಓಡುವಳು. ಹೊಲಿಗೆಯೂ ಸೊಟ್ಟಗಾಗುತ್ತಿತ್ತು, ರೊಟ್ಟಿಯೂ ಸೀಯುತ್ತಿತ್ತು. ಕರು ಹಾಲೆಲ್ಲ ಕುಡಿದ ಮೇಲೆ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋಗುವಳು. ರೈತ ಕರಕಲು ರೊಟ್ಟಿಯನ್ನು ಕೆರೆಯುತ್ತ, “ರೊಟ್ಟಿಗೂ ಒಂದು ಹಿಂಬದಿ ಇರತೈತಿ. ಅದನ್ನೂ ಒಮ್ಮಿ ಮಗುಚಿ ನೋಡ” ಎನ್ನುತ್ತಿದ್ದ. ಒಮ್ಮೆ ಕತ್ತರಿಯನ್ನೇ ಮೇವಿನ ಬಣವೆಯಲ್ಲಿ ಬಚ್ಚಿಟ್ಟ. ಅವಳು ಕುಡುಗೋಲಿನಲ್ಲಿ ಸೀರೆ ಕೊಯ್ಯಲು ಕೂತದ್ದನ್ನು ಕಂಡು ತಾನೇ ತಂದುಕೊಟ್ಟ.

ಮಗಳಿಗೆ ಹುಣಸೆಹಣ್ಣಿನ ಚಿಗಳಿ ತಿನ್ನುವ ಬಯಕೆಯಾಯಿತು. ತಾಯಿ ಹುಣಸೆಹಣ್ಣು, ಬೆಲ್ಲ, ಜೀರಿಗೆ ಎಲ್ಲವನ್ನೂ ಒರಳಿನ ಪಕ್ಕದಲ್ಲಿ ತಂದಿಟ್ಟಳು. ಅಷ್ಟರಲ್ಲಿ ಕೌದಿಯ ನೆನಪಾಗಿ ಎದ್ದು ಹೋದಳು. ಬೆಲ್ಲ ಇರುವೆಯ ಪಾಲಾಯಿತು. ಪಕ್ಕದ ಮನೆಯ ಮುದುಕಿ ನೋಡಿ ಮರುಗಿ, ತಾನೇ ಕುಟ್ಟಿ, ಕಡ್ಡಿಗೆ ಚುಚ್ಚಿ ತಂದುಕೊಟ್ಟಳು.

ಬಯಕೆಗಿಂತ ದೊಡ್ಡದು ಮಗಳ ಭಯ. ಆ ವರ್ಷವೇ ಅವಳ ಓರಗೆಯವಳೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಯಾರೂ ಎತ್ತದ್ದರಿಂದಲೇ ಮಗಳಿಗೆ ಅದು ಹಗಲೆಲ್ಲ ನೆನಪಾಗುತ್ತಿತ್ತು. ಅವಳು ತಾಯಿಯ ಹತ್ತಿರ ಬಂದರೆ, ಸುತ್ತ ಹರಡಿದ ತುಂಡುಗಳನ್ನು ನೋಡಿ ತಾಯಿ ಮೊದಲು “ತುಳಿಬ್ಯಾಡ” ಎನ್ನುವಳು. ಒಂದು ಮಧ್ಯಾಹ್ನ ಮಗಳು ದೂರದಲ್ಲೇ ಕೂತು ಕೇಳಿದಳು.

“ಅವ್ವಾ, ನಾ ಹುಟ್ಟೋವಾಗ ನಿನಗ ಅಂಜಿಕಿ ಆಗಿತ್ತೇನ?”

“ಹೇಳ್ತೀನಿ ತಡಿ. ಈ ಅಂಚೊಂದು ಮುಗೀಲಿ.”

ಮಗಳು ತಡೆದಳು. ಅಂಚು ಮುಗಿಯಿತು. ತಾಯಿ ಮಗುಚಿ ನೋಡಿ ಮತ್ತೆ ಬಿಚ್ಚಿದಳು. ಮಗಳು ಎದ್ದು ಒಳಗೆ ಹೋದಳು, ಮುಂದೆ ಆ ಮಾತು ಕೇಳಲಿಲ್ಲ. ತಾಯಿಗೆ ಪ್ರೀತಿಯಿರಲಿಲ್ಲವೆಂದು ತಿಳಿಯಬೇಡ, ಮುರಿಗೆಯ್ಯ. ಬೇಕಾದಷ್ಟಿತ್ತು. ಆದರೆ ಕಣ್ಣು ಸೂಜಿಯ ಮೇಲಿತ್ತು.

ದಿನ ತುಂಬುತ್ತ ಬಂದವು. ಒಂದು ಬೆಳಿಗ್ಗೆ ತಾಯಿಗೆ, ನಾಲ್ಕು ಮೂಲೆಗೂ ಕೆಂಪು ಹಚ್ಚಿದರೆ ಬೀಗತಿಯ ಬಾಯಿ ಮುಚ್ಚೀತು ಎನ್ನಿಸಿತು. ಮನೆಯಲ್ಲಿ ಕೆಂಪು ಬಟ್ಟೆ ತೀರಿತ್ತು. ಪಕ್ಕದ ಊರಿನ ತಂಗಿಯ ಹತ್ತಿರ ಹಳೆಯದೊಂದು ಕೆಂಪು ಸೀರೆ ಇರುವುದು ನೆನಪಾಯಿತು. ಮಗಳು ಹೊಸ್ತಿಲಲ್ಲಿ ನಿಂತು, “ಇವತ್ತೊಂದಿನ ಹೋಗಬ್ಯಾಡವ್ವ” ಎಂದಳು.

“ಹೀಂಗ ಹೋಗಿ ಹಾಂಗ ಬರತೀನಿ. ಎಲ್ಲಾ ನಿನ್ನ ಸಲುವಾಗೇ ಅಲ್ಲೇನ?” ಎಂದು ತಾಯಿ ಹೊರಟೇಬಿಟ್ಟಳು.

ರೈತ ದೂರದ ಹೊಲದಲ್ಲಿದ್ದ. ಹೊತ್ತೇರುವ ಮೊದಲೇ ಮಗಳಿಗೆ ನೋವು ಬಂದಿತು. ಕೂಗು ಕೇಳಿ ಪಕ್ಕದ ಮನೆಯ ಮುದುಕಿ ಓಡಿ ಬಂದಳು, ಸೂಲಗಿತ್ತಿಯನ್ನು ಕರೆಸಿದಳು. ಮಗಳು “ಅವ್ವಾ, ಅವ್ವಾ” ಎಂದು ಕರೆಯುತ್ತಲೇ ಇದ್ದಳು. ಮುದುಕಿ ಅವಳ ಬೆನ್ನಿಗೆ ಕೂತು, ಪ್ರತಿ ಸಲವೂ ತಾಯಿಯ ಬದಲು ತಾನೇ ಓಗೊಟ್ಟಳು.

ಕೂಸು ಹುಟ್ಟಿತು. ಸೂಲಗಿತ್ತಿ ಹಳೆಯ ಸೀರೆಗೆ ಕೈಚಾಚಿದಳು. ಮುದುಕಿ ಪೆಟ್ಟಿಗೆ ತೆರೆದು ನೋಡಿದಳು. ಅಲ್ಲಿದ್ದದ್ದು ಅಂಗೈಯಗಲದ ತುಂಡುಗಳು ಮಾತ್ರ. ಕೌದಿಯೂ ಅರ್ಧ ಬಿಚ್ಚಿ ಬಿದ್ದಿತ್ತು. ಕತ್ತರಿಗೆ ಸಿಗದೆ ಉಳಿದದ್ದು ಗಂಜಿ ಹೋಗದ ಹೊಸ ಸೀರೆಗಳು. “ತವರುಮನ್ಯಾಗ ಕೂಸಿಗಿ ಒಂದು ಹಳೇ ಸೀರಿ ಇಲ್ಲೇನವ್ವ?” ಎಂದಳು ಸೂಲಗಿತ್ತಿ. ಮುದುಕಿ ತನ್ನ ಮನೆಗೆ ಹೋಗಿ, ಹಗ್ಗದ ಮೇಲೆ ಒಣಹಾಕಿದ್ದ ತನ್ನ ಸೀರೆಯನ್ನು ತಂದಳು. ಕೂಸನ್ನು ಅದರಲ್ಲಿ ಸುತ್ತಿದರು.

ತಾಯಿ ಕೆಂಪು ಸೀರೆಯನ್ನು ಬಗಲಲ್ಲಿಟ್ಟುಕೊಂಡು ಬಂದಾಗ ಕೂಸು ಮಲಗಿತ್ತು. ಮಗಳ ಕೈ ಮುದುಕಿಯ ಕೈಯಲ್ಲಿತ್ತು. ತಾಯಿ ಬಾಗಿಲಲ್ಲೇ ನಿಂತು ಅತ್ತಳು. ಆ ಅಳು ಸುಳ್ಳಲ್ಲ. ಆದರೆ ಕೂಸನ್ನು ಒಯ್ಯಲು ಬೀಗತಿ ಬರುವುದರೊಳಗೆ ಕೌದಿ ಮುಗಿಯಬೇಕಲ್ಲ ಎಂಬ ಚಿಂತೆ ಕಣ್ಣೀರು ಒಣಗುವ ಮೊದಲೇ ಬಂದಿತು.

ಕೌದಿ ಮುಗಿಯಿತು. ಬೀಗತಿ ಬಂದಳು. ಬಿಡಿಸಿದಳು, ಮಗುಚಿದಳು, ಬೆಳಕಿಗೆ ಹಿಡಿದಳು. ಎಳ್ಳಷ್ಟೂ ತಪ್ಪು ಸಿಗಲಿಲ್ಲ. “ಇಂಥಾ ಕೌದಿ ನಮ್ಮ ಸೀಮ್ಯಾಗ ಯಾರೂ ಹೊಲದಿಲ್ಲ ಬಿಡ್ರಿ” ಎಂದಳು. ತಾಯಿಗೆ ಜನ್ಮ ಸಾರ್ಥಕವಾದಷ್ಟು ಹಿಗ್ಗಾಯಿತು. ಮಗಳ ಮುಖ ನೋಡಿದಳು. ಮಗಳು ಕೂಸಿನ ಮುಖ ನೋಡುತ್ತಿದ್ದಳು.

ಗಾಡಿ ಬಾಗಿಲಿಗೆ ಬಂದಿತು. ಕೂಸಿನ ಮೈಮೇಲೆ ಮುದುಕಿಯ ಸೀರೆಯೇ ಇತ್ತು. ಅದರ ಮೇಲೆ ಕೌದಿ ಹೊದಿಸಲು ತಾಯಿ ಮುಂದೆ ಬಂದಳು. ಮಗಳು ಕೌದಿಯನ್ನು ತಾಯಿಯ ಕೈಯಿಂದ ತೆಗೆದುಕೊಂಡು, ಗಾಡಿಯಲ್ಲಿ ಕೂತಿದ್ದ ಅತ್ತೆಯ ಮಡಿಲಲ್ಲಿಟ್ಟಳು. “ಇದು ನಿಮ್ಮ ಹತ್ರ ಇರಲಿ, ಅತ್ತಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಾಯಿಯ ಪಾದ ಮುಟ್ಟಿ ನಮಸ್ಕರಿಸಿ ಗಾಡಿ ಹತ್ತಿದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ.

“ಇದು ಅನ್ಯಾಯ, ಗುರುಗಳೇ. ಕೂಸಿಗೆಂದು ಹೊಲಿದ ಕೌದಿಯನ್ನು ಮಗಳು ಅತ್ತೆಗೆ ಏಕೆ ಕೊಟ್ಟಳು?”

“ಯಾರಿಗೆ ಹೊಲಿದದ್ದೋ ಅವರಿಗೇ ಕೊಟ್ಟಳಪ್ಪ. ನೀನು ಒಯ್ಯುವ ಫಲವನ್ನು ನಿನ್ನ ತಾಯಿ ಯಾರ ಕೈಗೆ ಕೊಡಬೇಕು?”