ಹಕ್ಕಿ ಹೋದ ಮೇಲಿನ ಕವಣೆ

ಹೊಳೆದಂಡೆಯ ಆ ಮಠದಲ್ಲಿ ಸೀತನಿಯ ಕಾಲ ಬಂತೆಂದರೆ ಸಂಜೆ ಯಾರೂ ಒಳಗೆ ಕೂರುವುದಿಲ್ಲ. ಹೊಲದ ಅಂಚಿನಲ್ಲಿ ಸಗಣಿ ಕುಳ್ಳಿನ ಕೆಂಡ ಮಾಡಿ, ಎಳೆ ಜೋಳದ ತೆನೆ ಸುಟ್ಟು, ಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ತಿನ್ನುತ್ತಾರೆ; ಅದೇ ಸೀತನಿ.

ಬಾಳಪ್ಪನೆಂಬ ಶಿಷ್ಯ ಮಾತ್ರ ದೂರ ಕೂತು ಗಂಜಿ ಕುಡಿಯುತ್ತಿದ್ದ. ಹೋದ ವರ್ಷದಿಂದ ಅವನ ಕರುಳಿನಲ್ಲಿ ಹುಣ್ಣು. ನಾಲ್ಕು ಕಾಳು ಒಳಗೆ ಹೋದರೂ ನೋವು, ರಕ್ತ.

ಸೀತನಿಯ ವಾಸನೆ ಬಂದರೆ ಅವನಿಗೆ ಅಳು ಬರುತ್ತಿತ್ತು. ರುಚಿಯ ಮಾತು ಹಾಗಿರಲಿ, ಎಲ್ಲರ ನಡುವೆ ಕೈ ಮಸಿ ಮಾಡಿಕೊಂಡು ಕೂರಬೇಕೆಂಬುದೇ ಅವನ ಆಸೆ.

ಒಂದು ಬೆಳಿಗ್ಗೆ ಅವನು ಗುರು ಅಡವಯ್ಯನವರ ಮುಂದೆ ಬಂದು ನಿಂತ.

"ಅಜ್ಜಾರ, ಡಾಕ್ಟರು ಕೊಟ್ಟ ಗುಳಿಗಿ ನಾ ತಿಪ್ಪಿಗೆ ಒಗದೇನ್ರಿ."

"ಯಾಕಪಾ?"

"ರಕ್ತದಾಗಿನ ಬಿಳಿ ಕಣ ರೋಗ ಬರದಂಗ ಕಾಯ್ತಾವಂತ್ರಿ. ನನ್ನವು ದಾರಿ ತಪ್ಪಿ ನನ್ನ ಕರುಳನ್ನ ಸುಡಾಕತ್ಯಾವು ಅಂದ್ರು ಡಾಕ್ಟರು. ಬೇಲಿನ ಎದ್ದು ಹೊಲ ಮೇಯ್ದಂಗ. ಗುಳಿಗಿ ಅವನ್ನ ಸಮಾಧಾನ ಮಾಡತೈತಂತ. ದ್ರೋಹಿಗಳಿಗೆ ಎಂಥಾ ಸಮಾಧಾನರಿ? ಪೂರಾ ಕೊಲ್ಲೋ ಔಷಧ ಇದ್ರ ಕೊಡ್ರಿ."

ಅಡವಯ್ಯನವರು ಗೂಟದ ಮೇಲಿದ್ದ ಕವಣೆ ತೆಗೆದು ಅವನ ಕೈಗಿಟ್ಟರು.

"ಇವತ್ತ ಹಕ್ಕಿ ಕಾಯೋ ಪಾಳಿ ನಿಂದು."

ಬಾಳಪ್ಪ ಹೊಲದ ನಡುವಿನ ಅಟ್ಟಣಿಗೆ ಹತ್ತಿದ. ಗಿಳಿಗಳ ಹಿಂಡು ಬಂತು. ಕಲ್ಲು ಬೀಸಿದ. ಹಿಂಡು ಹೊಳೆ ದಾಟಿ ಹೋಯಿತು.

ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಎಲೆ ಅಲುಗಿದರೆ ಬೀಸಿದ. ತೆನೆ ತೂಗಿದರೆ ಬೀಸಿದ. ತಾನು ತಿನ್ನಲಾಗದ ಆ ಹೊಲವನ್ನು ಅವನಷ್ಟು ಪ್ರೀತಿಯಿಂದ ಯಾರೂ ಕಾದಿರಲಿಲ್ಲ.

ಸಂಜೆ ಗುರುಗಳು ಉಡಿಯ ತುಂಬ ಎಳೆ ತೆನೆ ಆರಿಸಿಕೊಂಡು ಅಟ್ಟಣಿಗೆ ಹತ್ತಿ ಬಂದರು.

"ಇವನ್ನ ಯಾವ ಹಕ್ಕಿ ತಿಂತು?"

ತೆನೆಗಳ ಮೇಲೆ ಕೊಕ್ಕಿನ ಗುರುತಿರಲಿಲ್ಲ. ಕಲ್ಲೇಟಿಗೆ ಕತ್ತು ಮುರಿದಿದ್ದವು.

ಬಾಳಪ್ಪ ತಲೆ ತಗ್ಗಿಸಿದ. "ಹಕ್ಕಿ ಬಂದ್ವು ಅನ್ಕೊಂಡ್ನಿ. ಗಾಳಿ ಇತ್ರಿ."

"ಹಂಗಾರ ನೀನೂ ದ್ರೋಹಿನ."

"ಅಲ್ರೀ ಅಜ್ಜಾರ. ಹೊಲ ಉಳೀಲಿ ಅಂತನ ಬೀಸಿದ್ನಿ."

"ನಿನ್ನ ಹೊರಗ ಹಾಕಿಬಿಡ್ಲೇನು?"

"ಹಾಕ್ರಿ. ಆದ್ರ ಕಾಯೋರಿಲ್ದಿದ್ರ ನಾಳೆ ಗಿಳಿ ಒಂದು ಕಾಳೂ ಬಿಡೂದಿಲ್ರಿ."

ಅಷ್ಟರಲ್ಲಿ ಗಾಳಿ ಬೀಸಿತು. ಬಾಳಪ್ಪನ ಕೈ ತಾನಾಗಿಯೇ ಮೇಲೆದ್ದಿತು. ಗುರುಗಳು ಕವಣೆ ಕಸಿಯಲಿಲ್ಲ. ಅವನ ಮಣಿಕಟ್ಟು ಹಿಡಿದರು. ತೋಳು ಸಡಿಲವಾಗುವ ತನಕ ಬಿಡಲಿಲ್ಲ.

ಕೆಳಗೆ ಕೆಂಡ ಸಿದ್ಧವಾಗಿತ್ತು. ಸೀತನಿಯ ವಾಸನೆ ಮೇಲೇರಿ ಬಂತು. ಬಾಳಪ್ಪನ ಕಣ್ಣು ತುಂಬಿದವು.

"ನಾ ಯಾವಾಗ ಅವರ ಜೋಡಿ ಕೂತು ತಿಂತೇನ್ರಿ?"

"ನನಗೂ ಗೊತ್ತಿಲ್ಲೋ."

ಅಡವಯ್ಯನವರು ಸೊಂಟದಿಂದ ಒಂದು ಪೊಟ್ಟಣ ತೆಗೆದರು. ಬೆಳಿಗ್ಗೆ ಅವನು ತಿಪ್ಪೆಗೆ ಎಸೆದ ಗುಳಿಗೆಗಳೇ. ಒಂದನ್ನು ಅವನ ಅಂಗೈಗೆ ಹಾಕಿ, ನೀರಿನ ತಂಬಿಗೆ ಮುಂದೆ ಹಿಡಿದರು.

"ನುಂಗು," ಎಂದರು. "ನಿನ್ನ ರಕ್ತದಾಗ ಕಾಯಾಕತ್ತಿರೋ ಮಂದಿಗೂ ಹಕ್ಕಿ ಹೋಗ್ಯಾವ ಅಂತ ಹೇಳಿ ಕಳಸು."