ನ್ಯಾಲಗುಡ್ಡದ ಕೂಗು

ಬೀದರ ಸೀಮೆಯ ತೊರಗಿವಾಡಿಯ ಬೆನ್ನಿಗೆ ಕೆಂಪು ಮುರಕಲ್ಲಿನ ಗುಡ್ಡವೊಂದಿದೆ. ಅದರ ನೆತ್ತಿಯಲ್ಲಿ ಬೋಳು ಬಂಡೆ. ಊರವರು ಅದನ್ನು ನ್ಯಾಲಗುಡ್ಡ ಎನ್ನುತ್ತಾರೆ. ಯಾರನ್ನೋ ಅಲ್ಲಿ ನೇಣಿಗೆ ನೇಲಿಸಿದ್ದರಿಂದ ಈ ಹೆಸರು ಬಂತೆಂದು ಓದಿದವರು ಊಹಿಸುವುದುಂಟು. ಊರ ಮುದುಕಿಯರು ಮಾತ್ರ ಅದನ್ನು ಒಪ್ಪುವುದಿಲ್ಲ.

ಹಿಂದೆ ಒಮ್ಮೆ, ಸಿಖ್ಖರನ್ನು ಕಂಡಲ್ಲಿ ಹಿಡಿಯಬೇಕೆಂಬ ಬಾದಶಹನ ಆಜ್ಞೆ ಊರೂರಿಗೆ ಹಬ್ಬಿದ್ದ ಕಾಲದಲ್ಲಿ, ಪಂಜಾಬಿನ ಲಖಮೀರ್ ಸಿಂಗ್ ಎಂಬ ಕಮ್ಮಾರ ತನ್ನ ಹೆಂಡತಿ ದೇಸಾ ಕೌರ್ ಮತ್ತು ಹಸುಗೂಸಿನೊಡನೆ ಇಲ್ಲಿಗೆ ಬಂದು ನೆಲೆಸಿದ್ದನಂತೆ. ಗುರವ್ವನೆಂಬ ವಿಧವೆ ತನ್ನ ಹಿತ್ತಲಲ್ಲಿ ಅವನ ಕುಲುಮೆಗೆ ಜಾಗ ಕೊಟ್ಟಿದ್ದಳು. ಒಂದು ದಿನ ಮಧ್ಯಾಹ್ನ ಬಾದಶಹನ ಸವಾರರು ಹಳ್ಳ ದಾಟುತ್ತಿರುವ ಸುದ್ದಿ ಬಂತು. ಗುರವ್ವ ಕ್ಷೌರದ ಕತ್ತಿ, ವಿಭೂತಿ ಹಿಡಿದು ಕುಲುಮೆಗೆ ಓಡಿದಳು. “ಯಪ್ಪಾ, ಕೂದಲಾ ತೆಗಿ. ನನ್ನ ಮಗಾ ಅಂತ ಹೇಳ್ತೀನಿ.” ಲಖಮೀರ್ ಅವಳ ಕಾಲು ಮುಟ್ಟಿದ. “ಅವ್ವಾ, ಇದು ಗುರು ಕೊಟ್ಟದ್ದು. ಇದನ್ನ ಬಿಟ್ಟು ಬಾಳಾಕ ಬರಂಗಿಲ್ಲ. ಇವರಿಬ್ಬರನ್ನ ಉಳಿಸು.”

ಅಂಗಳದಲ್ಲಿ ಜೋಳ ತುಂಬುವ ಹಗೇವು ಆಗ ಬರಿದಾಗಿತ್ತು. ನೆಲದೊಳಗಿನ ಆ ಕುಣಿಯಲ್ಲಿ ಮೂವರಿಗೆ ಗಾಳಿ ಸಾಲದು. ತಾಯಿ, ಮಗು ಇಬ್ಬರನ್ನೂ ಒಳಗಿಳಿಸಿ, ಬಾಯಿಗೆ ಕಲ್ಲೆಳೆದು, ಲಖಮೀರ್ ಗುಡ್ಡದ ಬಿರುಕಿನಲ್ಲಿ ಹೋಗಿ ಅಡಗಿದ. ಸವಾರರು ಮನೆಯೆಲ್ಲ ಜಾಲಾಡಿದರು, ಯಾರೂ ಸಿಗಲಿಲ್ಲ. ಆದರೆ ಹೋಗಲಿಲ್ಲ. ಕುದುರೆಗಳ ಜೀನು ಬಿಚ್ಚಿ, ರೊಟ್ಟಿ ಸುಡಲು ಹೇಳಿದರು. ಅವರ ಜಮಾದಾರ ಆ ಮುಚ್ಚುಗಲ್ಲಿನ ಮೇಲೆಯೇ ಕಂಬಳಿ ಹಾಸಿ ಕುಳಿತ. ನೆಲದಡಿ ಮಗು ಮುಲುಗಿದಂತಾಯಿತು. ಗುರವ್ವ ಬೀಸುಕಲ್ಲನ್ನು ಗರಗರ ತಿರುವಿದಳು. ತುಸು ಹೊತ್ತಿಗೆ ನೆಲದಡಿಯ ಸದ್ದು ನಿಂತಿತು. ಕೂಸು ಮಲಗಿತೋ, ಉಸಿರೇ ಕಟ್ಟಿತೋ? ಅವಳ ಕೈಯಲ್ಲಿ ರೊಟ್ಟಿ ಹರಿಯಿತು. ಬಾಯಿ ಬಿಟ್ಟರೆ ಅವರ ಕೈಗೆ ಕೊಟ್ಟಂತೆ, ಬಿಡದಿದ್ದರೆ ಮಣ್ಣಿಗೆ ಕೊಟ್ಟಂತೆ. ಕಡೆಗೆ ಹೇಳಿಬಿಡಲೆಂದೇ ಅವಳು ಎದ್ದಳು.

ಅಷ್ಟರಲ್ಲಿ ಗುಡ್ಡ ಕೂಗಿತು: “ಬೋಲೇ ಸೋ ನಿಹಾಲ್!”

ಮೇಲಿನಿಂದ ಅಂಗಳವನ್ನೇ ನೋಡುತ್ತಿದ್ದ ಲಖಮೀರ್, ಅವರು ಏಳುವುದಿಲ್ಲವೆಂದು ಕಂಡು, ನೀಲಿ ಮುಂಡಾಸಿನಲ್ಲಿ ಬಂಡೆಯ ಮೇಲೆ ಬಂದು ನಿಂತಿದ್ದ. ಸವಾರರು ಬರಿಬೆನ್ನ ಕುದುರೆ ಹತ್ತಿ ಅತ್ತ ಧಾವಿಸಿದರು. ಗುರವ್ವ ಉಗುರು ಕಿತ್ತುಹೋಗುವಂತೆ ಕಲ್ಲೆಳೆದಳು. ದೇಸಾ ಕೌರ್ ಸೋತ ಕೈಗಳಿಂದ ಕೂಸನ್ನು ಮೇಲೆತ್ತಿದಳು. ಅದರ ತುಟಿ ನೀಲಿಗಟ್ಟಿತ್ತು. ಗಾಳಿ ತಾಕಿದ ಮೇಲೆ ಒಂದು ಸೀನು, ಆಮೇಲೆ ಅಳು. ಮತ್ತೆ ಗುಡ್ಡ ಕೂಗಿತು. ಸಿಖ್ಖರ ಆ ಕೂಗಿಗೆ ಸಲ್ಲುವ ಉತ್ತರವನ್ನು ಕುಣಿಯೊಳಗಿನಿಂದ ದೇಸಾ ಕೌರ್ ಕೊಟ್ಟಳು: “ಸತ್ ಶ್ರೀ ಅಕಾಲ್!” ಅವಳ ಬಾಯಿ ಮುಚ್ಚಲು ಚಾಚಿದ ಕೈಯನ್ನು ಗುರವ್ವ ಹಿಂದೆಳೆದುಕೊಂಡಳು. ಮೂರನೆಯ ಕೂಗು ಬರಲಿಲ್ಲ.

ಕೂದಲು ಕೊಟ್ಟರೆ ಜೀವ ಉಳಿಸುತ್ತೇವೆಂದು ಸವಾರರು ಹೇಳಿದ್ದರಂತೆ. ಅವನು ಕೊರಳು ಕೊಟ್ಟ. ಸವಾರರು ಊರು ಬಿಟ್ಟ ಮೇಲೆ ಊರವರೇ ಅವನನ್ನು ಆ ಬಂಡೆಯ ಮೇಲೆ ದಹನ ಮಾಡಿದರು. ದೇಸಾ ಕೌರ್ ಗುರವ್ವನ ಮನೆಯಲ್ಲೇ ಉಳಿದು, ಕುಲುಮೆ ನಡೆಸಿ, ಕೂಸನ್ನು ಬೆಳೆಸಿದಳು. ಅರ್ಥ ತಿಳಿಯದ ಗುರವ್ವನ ಬಾಯಲ್ಲಿ, ಧನ್ಯ ಎಂದು ಅರ್ಥವಿರುವ ನಿಹಾಲ್ ಎಂಬುದು ನ್ಯಾಲ ಆಯಿತು, ಗುಡ್ಡಕ್ಕೆ ಅದೇ ಹೆಸರು ನಿಂತಿತು ಎನ್ನುತ್ತಾರೆ.

ಗುರವ್ವನ ಮನೆ ಬಿದ್ದು ಎಷ್ಟೋ ತಲೆಮಾರಾಯಿತು. ಆದರೂ ತೊರಗಿವಾಡಿಗೆ ಹೋದವರು ಆ ಹಗೇವನ್ನು ನೋಡಬಹುದು. ಸುತ್ತ ಮೊಣಕಾಲೆತ್ತರದ ಕಟ್ಟೆಯಿದೆ. ಬಾಯಿಗೆ ಇಂದಿಗೂ ಯಾರೂ ಕಲ್ಲು ಮುಚ್ಚಿಲ್ಲ.