ಸುಯುನ್ ಗೋಡೆ

ಚೀನಾ ದೇಶದ ಯಾನ್‌ಲು ಎಂಬ ಹಳೆಯ ಕೋಟೆಪಟ್ಟಣಕ್ಕೆ ಇತಿಹಾಸದ ಗೀಳು ಹತ್ತಿದವರು ಇಂದಿಗೂ ಗುಂಪುಗುಂಪಾಗಿ ಬರುತ್ತಾರೆ. ಅವರನ್ನು ಕರೆದುಕೊಂಡು ತಿರುಗುವ ಶೆನ್ ಎಂಬ ನಿವೃತ್ತ ಶಿಕ್ಷಕಿ ಗಂಟೆಗೋಪುರ, ದವಸದ ಉಗ್ರಾಣ, ದಕ್ಷಿಣದ ಹೆಬ್ಬಾಗಿಲು ಇವನ್ನೆಲ್ಲ ಚಕಚಕನೆ ತೋರಿಸಿ ಮುಗಿಸಿ, ಉತ್ತರದ ಮೂಲೆಗೆ ಬಂದೊಡನೆ ದನಿ ತಗ್ಗಿಸುತ್ತಾರೆ. ಅಲ್ಲಿನ ಅರವತ್ತು ಹೆಜ್ಜೆ ಉದ್ದದ ಗೋಡೆಗೆ ಸುಯುನ್ ಗೋಡೆ ಎಂದು ಹೆಸರು. ಸುಯುನ್ ರಾಣಿಯಲ್ಲ, ಯುದ್ಧ ಮಾಡಿದವಳಲ್ಲ, ಆ ಗೋಡೆಗೆ ಒಂದು ಹಿಡಿ ಮಣ್ಣನ್ನೂ ಹೊತ್ತವಳಲ್ಲ. ಆದರೂ ಅದರ ನೆರಳಿನಲ್ಲಿ ಇಂದಿಗೂ ಯಾರೂ ಮನೆ ಕಟ್ಟುವುದಿಲ್ಲ. ತರಕಾರಿ ಮಾರುವವರು ಕೂಡ ಬುಟ್ಟಿಯನ್ನು ಹತ್ತು ಮಾರು ಆಚೆಗೇ ಇಳಿಸುತ್ತಾರೆ.

ಹಿಂದೆ ಒಮ್ಮೆ, ಈ ಕೋಟೆ ಏಳುತ್ತಿದ್ದ ಕಾಲದಲ್ಲಿ, ಮೌ ದಾಶುನ್ ಎಂಬ ಇಟ್ಟಿಗೆ ಗೂಡಿನ ಯಜಮಾನನಿದ್ದನಂತೆ. ಪ್ರತಿ ಇಟ್ಟಿಗೆಯ ಮಗ್ಗುಲಿಗೆ ಅಚ್ಚು ಹಾಕಿದವನ ಹೆಸರನ್ನೂ ಸುಟ್ಟವನ ಹೆಸರನ್ನೂ ಒತ್ತಬೇಕೆಂಬುದು ಆಗಿನ ಕಟ್ಟಳೆ. ತನಿಖೆಯ ಅಧಿಕಾರಿ ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸುತ್ತಿದ್ದ. ಕಂಚಿನ ದನಿ ಬಂದರೆ ಸರಿ, ಒಡೆದರೆ ಆ ಇಬ್ಬರ ತಲೆಯೂ ಉರುಳುತ್ತಿತ್ತು. ದಾಶುನ್ ಮೂವತ್ತು ವರ್ಷ ಗೂಡಿನ ಮುಂದೆ ಬೆಂದವನು. ಉರಿ ನಿಂತ ಗೂಡಿನ ನೆತ್ತಿಯಿಂದ ಏಳು ದಿನ ತೊಟ್ಟುತೊಟ್ಟಾಗಿ ನೀರು ಇಳಿಸಿ ಆರಿಸಬೇಕೆಂಬುದು ಅವನಿಗೆ ತಿಳಿಯದ್ದಲ್ಲ. ಆ ಸಲ ಮೇಲಿನವರ ಅವಸರಕ್ಕೆ ಸೋತು ಮೂರೇ ದಿನದಲ್ಲಿ ಕೊಡಗಟ್ಟಲೆ ಸುರಿದುಬಿಟ್ಟ. ಇಟ್ಟಿಗೆಗಳು ನೋಡಲು ಚೆಂದ, ತಟ್ಟಿದರೆ ಒಡಕು ಮಡಕೆಯ ಸದ್ದು. ಅವಕ್ಕೆ ಅಚ್ಚು ಹಾಕಿದವನು ಅವನ ಅಳಿಯ ಹೆಬೋ. ತನ್ನ ತಲೆ ಹೋದರೆ ಹೋಗಲಿ, ತಪ್ಪೇ ಮಾಡದ ಅಳಿಯನೂ ಹೋದರೆ ಮಗಳು ಸುಯುನ್‌ಳ ಗತಿಯೇನು ಎಂದು ಹೆದರಿದ. ಒರಟು ಕಲ್ಲು ಹಿಡಿದು ಕುಳಿತು, ಒಂದೊಂದೇ ಇಟ್ಟಿಗೆಯನ್ನು ಉಜ್ಜಿ, ಅಷ್ಟೂ ಹೆಸರುಗಳನ್ನು ಅಳಿಸಿದ.

ಅಧಿಕಾರಿ ಬಂದು, ನುಣುಪಾದ ಮಗ್ಗುಲನ್ನು ಬೆರಳಿನಿಂದ ಸವರಿ ನೋಡಿದ. ಬೈಯಲಿಲ್ಲ, ಇಟ್ಟಿಗೆ ತಾಗಿಸಿ ನೋಡಲೂ ಇಲ್ಲ. ಉತ್ತರದ ಮೂಲೆಯನ್ನು ಇವುಗಳಿಂದಲೇ ಕಟ್ಟಿ, ಅದರ ಬುಡದಲ್ಲಿ ಗೂಡಿನವರಿಗೆಲ್ಲ ಮನೆ ಮಾಡಿಕೊಡಿ ಎಂದು ಅಪ್ಪಣೆ ಕೊಟ್ಟು ಹೋದ. ತಪ್ಪು ಮಾಡಿದವನು ಹೆದರಿ ತಾನಾಗಿಯೇ ಬಾಯಿ ಬಿಡಲಿ ಎಂಬುದು ಅವನ ಎಣಿಕೆಯಾಗಿತ್ತು ಎನ್ನುತ್ತಾರೆ. ಗೂಡಿನ ಜನಕ್ಕೆ ಇದೊಂದೂ ತಿಳಿಯದು. ಸೂರು ಸಿಕ್ಕಿತೆಂದು ಹಿಗ್ಗಿದರು. ಬಸುರಿ ಸುಯುನ್ ಮಾತ್ರ ಒಂದು ದಿನ ಗೋಡೆ ನೋಡುತ್ತ, "ಅಪ್ಪಾ, ಇದು ಗಟ್ಟಿ ತಾನೇ?" ಎಂದು ಕೇಳಿದಳು. ನೆರೆಹೊರೆಯವರು ಅಲ್ಲೇ ನಿಂತಿದ್ದರು. "ನಾನು ಸುಟ್ಟ ಇಟ್ಟಿಗೆ ಕಣಮ್ಮ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಲ್ಲ" ಎಂದ ದಾಶುನ್. ನಿಜ ಹೇಳಿದರೆ ಅಳಿಯ ಸಾಯುತ್ತಾನೆ, ಹೇಳದಿದ್ದರೆ ಎಲ್ಲರೂ. ಮಳೆಗಾಲ ಇನ್ನೂ ದೂರವಿದೆ ಎಂದುಕೊಳ್ಳುತ್ತ ದಿನ ದೂಡಿದ. ಮಮತೆಯೋ ಹೇಡಿತನವೋ, ಅಂತೂ ದೂಡಿದ.

ಮಳೆ ಹಿಡಿದ ಮೂರನೆಯ ದಿನ ಗೋಡೆಯ ನಡು ಉಬ್ಬಿತು. ದಾಶುನ್ ಮನೆಮನೆಗೆ ಓಡಿ ಹೊರಗೆ ಬನ್ನಿ ಎಂದು ಗೋಗರೆದ. ನೀನೇ ಅಲ್ಲವೇ ಅಲುಗಲ್ಲ ಎಂದವನು ಎಂದು ಅವರು ಬಾಗಿಲು ಮುಚ್ಚಿದರು. ಸುಯುನ್ ಒಂಬತ್ತು ದಿನದ ಬಾಣಂತಿ. ತಿಂಗಳು ತುಂಬುವವರೆಗೆ ಹೊಸಿಲು ದಾಟಬಾರದೆಂಬುದು ಅಲ್ಲಿಯ ಪದ್ಧತಿ. "ಈ ಮಳೇಲಿ ಹಸುಗೂಸನ್ನ ಎತ್ಕೊಂಡು ಎಲ್ಲಿಗಪ್ಪ ಹೋಗಲಿ?" ಎಂದಳು. ಇಟ್ಟಿಗೆ ಕೆಟ್ಟಿದೆ ಎಂದು ಆಗಲೂ ಅವನ ಬಾಯಿಂದ ಹೊರಡಲಿಲ್ಲ. ಅಧಿಕಾರಿಯ ಎದುರು ಒಪ್ಪಿಕೊಂಡು, ಮನೆಗಳನ್ನು ತೆರವು ಮಾಡಿಸುವ ಅಪ್ಪಣೆಯನ್ನೇ ತರುತ್ತೇನೆಂದು ಓಡಿದ. ಬೀದಿಯ ತಿರುವು ದಾಟುವಷ್ಟರಲ್ಲಿ ಬೆನ್ನ ಹಿಂದೆ ನೆಲ ನಡುಗಿತು. ಹತ್ತೊಂಬತ್ತು ಜನ ಸತ್ತರು. ಹೆಬೋ, ಸುಯುನ್, ಮಗು ಮೂವರೂ ಅದರಲ್ಲಿ ಸೇರಿದ್ದರು.

ದಾಶುನ್ ಅಧಿಕಾರಿಯ ಮುಂದೆ ಬಿದ್ದು ತನ್ನ ಕತ್ತು ಕಡಿಸಿ ಎಂದು ಬೇಡಿಕೊಂಡ. ಅಧಿಕಾರಿ ಕಟ್ಟಳೆಯ ಪುಸ್ತಕದಿಂದ ಕಣ್ಣನ್ನೇ ಎತ್ತಲಿಲ್ಲ. "ಹೆಸರಿಲ್ಲದ ಇಟ್ಟಿಗೆಗೆ ಅಪರಾಧಿ ಎಲ್ಲಿಂದ ಬರಬೇಕು? ಮನೆಗೆ ಹೋಗು" ಎಂದ. ಹೋಗಲು ಮನೆ ಇರಲಿಲ್ಲ. ದಾಶುನ್ ಗೂಡಿಗೆ ಮರಳಿ, ಏಳೇಳು ದಿನ ನೀರು ಇಳಿಸಿ, ಬಿದ್ದ ಗೋಡೆಗೆ ಬೇಕಾದಷ್ಟೂ ಇಟ್ಟಿಗೆ ಸುಟ್ಟನಂತೆ. ಮಾಡಿದವನ ಹೆಸರಿರಬೇಕಾದ ಜಾಗದಲ್ಲಿ ಸತ್ತವರ ಹೆಸರು ಒತ್ತಿದ. ಕೊಟ್ಟ ಶಿಕ್ಷೆಗಿಂತ ಕೊಡದ ಶಿಕ್ಷೆಯೇ ಅವನನ್ನು ತಿಂದುಹಾಕಿತು ಎಂದು ಹಳಬರು ಈಗಲೂ ಮರುಗುತ್ತಾರೆ.

ಬಂದವರು ಆ ಹೆಸರುಗಳನ್ನು ಇಂದಿಗೂ ಓದಬಹುದು. ಎಲ್ಲಕ್ಕಿಂತ ಹೆಚ್ಚು ಸಲ ಕಾಣುವುದು ಸುಯುನ್. ತೀರ ಕೆಳಗಿನ ಸಾಲಿನಲ್ಲಿ, ಅವಳ ಹೆಸರಿನ ಎರಡು ಇಟ್ಟಿಗೆಗಳ ನಡುವೆ, ಏನೂ ಬರೆಯದ ಒಂದು ಇಟ್ಟಿಗೆ ಇದೆ. ಹಳೆಯ ಕೆಟ್ಟ ಗೋಡೆಯಿಂದ ಉಳಿದದ್ದಲ್ಲವೇ ಇದು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

"ಅಲ್ಲ. ತಿಂಗಳು ತುಂಬಿದ ಮೇಲೇ ನಮ್ಮಲ್ಲಿ ಮಗುವಿಗೆ ಹೆಸರಿಡೋದು" ಎನ್ನುತ್ತಾರೆ ಶೆನ್.